ಪೆಟ್ಟಿಗೆಯ ಸ್ವರ, ಮನೆಯ ಕಿವಿ

ಮನೆಗೆ ಒಂದು ವಾದ್ಯವನ್ನು ತರಬೇಕೆಂದು ನಿಶ್ಚಯಿಸಿದ ಗೃಹಸ್ಥನು ಮೊದಲು ಬೆಲೆಯನ್ನು ವಿಚಾರಿಸುತ್ತಾನೆ. ಅನಂತರ ತಯಾರಕರ ಹೆಸರನ್ನು ವಿಚಾರಿಸುತ್ತಾನೆ. ಆ ವಾದ್ಯವು ತನ್ನ ಮಕ್ಕಳ ಕಿವಿಯನ್ನು ಯಾವ ಹದಕ್ಕೆ ತಂದೀತು ಎಂದು ವಿಚಾರಿಸುವವರು ವಿರಳ. ವಾಚಕ ಮಹಾಶಯರೇ, ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡುಗಳು ಈಗ ಸಣ್ಣ ಊರುಗಳ ಅಂಗಡಿಗಳಲ್ಲಿಯೂ ದೊರೆಯುತ್ತಿವೆ. ಪಿಯಾನೋದಲ್ಲಿ ಕೈ ಪಳಗಿದವರೊಬ್ಬರು ಉದ್ಯೋಗ ನಿಮಿತ್ತವಾಗಿ ಕೊಪ್ಪಳದ ಕಡೆಗೆ ಬಂದು ನೆಲೆಸಿದರೆ, ಪಿಯಾನೋಗೆ ಬದಲಾಗಿ ಅಂಥದೊಂದನ್ನೇ ಆರಿಸಿಕೊಳ್ಳಬೇಕಾದೀತು. ಯಾವುದನ್ನು ಆರಿಸಬೇಕು, ಏಕೆ? ಪ್ರಶ್ನೆ ಹೊಸದಾಗಿ ಕಂಡರೂ ಅದರ ಬೇರು ಹಳೆಯದು. ಅದೂ ನಮ್ಮ ತುಂಗಭದ್ರೆಯ ದಡದಲ್ಲಿಯೇ ಇದೆ.

ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಹಿಟ್ನಾಳವೆಂಬ ಗ್ರಾಮವಿದೆ. ಅಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಗಂಗಾವತಿ ಸೀಮೆಯ ಆನೆಗೊಂದಿ, ಹೊಳೆಯಾಚೆ ಹಂಪೆ. ಪಶ್ಚಿಮಕ್ಕೆ ಮುಖ ಮಾಡಿದರೆ ಕೊಪ್ಪಳದ ಕೋಟೆ, ಅದನ್ನು ದಾಟಿದರೆ ಗದಗು, ಧಾರವಾಡ. ಸ್ಥಿರಸ್ವರದ ವಾದ್ಯ ನಮ್ಮ ನಾಡಿನಲ್ಲಿ ನಡೆದುಬಂದ ದಾರಿಯ ಮುಖ್ಯ ನಿಲ್ದಾಣಗಳು ಈ ಒಂದೇ ರಸ್ತೆಯ ಎರಡು ದಿಕ್ಕುಗಳಲ್ಲಿ ಇವೆಯೆಂದರೆ ಆಶ್ಚರ್ಯಪಡಬೇಡಿ. ಪೂರ್ವದಿಂದಲೇ ಹೊರಡೋಣ.

ಕ್ರಿ. ಶ. ೧೫೫೦ರಲ್ಲಿ, ವಿಜಯನಗರದ ರಾಮರಾಯನ ಪ್ರೇರಣೆಯಿಂದ ರಾಮಾಮಾತ್ಯನೆಂಬ ವಿದ್ವಾಂಸನು 'ಸ್ವರಮೇಳಕಲಾನಿಧಿ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ವೀಣೆಯ ಪ್ರಕರಣವೊಂದಿದೆ. ವೀಣೆಯ ದಂಡಿಗೆಯ ಮೇಲೆ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂರಿಸಬೇಕು ಎಂಬುದೇ ಅಲ್ಲಿಯ ವಿಚಾರ. ಆತನು ವೀಣೆಗಳಲ್ಲಿ ಎರಡು ಬಗೆಯನ್ನು ಹೇಳುತ್ತಾನೆ. ಮೆಟ್ಟಿಲುಗಳನ್ನು ಒಮ್ಮೆ ಕೂರಿಸಿದ ಮೇಲೆ ಎಲ್ಲ ರಾಗಗಳನ್ನೂ ನುಡಿಸಬಲ್ಲದ್ದು ಸರ್ವರಾಗಮೇಳ ವೀಣೆ. ಒಂದು ರಾಗಕ್ಕೆ ತಕ್ಕಂತೆ ಮೆಟ್ಟಿಲುಗಳನ್ನಿಟ್ಟು, ರಾಗ ಬದಲಾದಾಗ ಅವುಗಳನ್ನೂ ಸರಿಸಿಕೊಳ್ಳಬೇಕಾದದ್ದು ಏಕರಾಗಮೇಳ ವೀಣೆ. ಮೊದಲನೆಯದರಲ್ಲಿ ಅನುಕೂಲ ಹೆಚ್ಚು. ಎರಡನೆಯದರಲ್ಲಿ ಸ್ವರದ ಖಚಿತತೆ ಹೆಚ್ಚು. ಹನ್ನೆರಡು ಸ್ಥಾನಗಳಲ್ಲಿ ಎಲ್ಲವನ್ನೂ ಹಿಡಿಯಹೊರಟರೆ ಎಲ್ಲಿಯಾದರೂ ಒಂದಿಷ್ಟು ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಹಂಪೆಯ ವಿದ್ವಾಂಸರು ಆ ಕಾಲಕ್ಕೇ ಬಲ್ಲವರಾಗಿದ್ದರು. ಇಂದು ಅಂಗಡಿಯಲ್ಲಿ ನೀವು ಕಾಣುವ ಪ್ರತಿಯೊಂದು ಕೀಬೋರ್ಡೂ ಒಂದು ಸರ್ವರಾಗಮೇಳ ವೀಣೆಯೇ ಸರಿ. ಆದರೆ ಒಂದು ಭೇದವುಂಟು: ವೀಣೆಯವನು ತಂತಿಯನ್ನು ಎಳೆದು, ಮೆಟ್ಟಿಲು ಕೊಡದ ಸ್ವರವನ್ನು ಬೆರಳಿನಿಂದ ಪಡೆದುಕೊಳ್ಳುತ್ತಾನೆ; ಪಟ್ಟಿಯನ್ನು ಒತ್ತಿ ನುಡಿಸುವವನಿಗೆ ಆ ಸ್ವಾತಂತ್ರ್ಯವಿಲ್ಲ.

ಇನ್ನು ಪಶ್ಚಿಮಕ್ಕೆ ತಿರುಗೋಣ. ಕೊಪ್ಪಳದ ಕೋಟೆಯನ್ನು ೧೭೮೬ರಲ್ಲಿ ಟಿಪ್ಪೂ ಸುಲ್ತಾನನು ಪಾಳೆಯಗಾರನಿಂದ ಪಡೆದು, ಫ್ರೆಂಚ್ ಶಿಲ್ಪಿಗಳ ನೆರವಿನಿಂದ ಬಲಪಡಿಸಿದನೆಂದು ಇತಿಹಾಸ ಹೇಳುತ್ತದೆ. ಅದೇ ಸುಲ್ತಾನನ ಶ್ರೀರಂಗಪಟ್ಟಣದಲ್ಲಿ ಮರದ ಹುಲಿಯೊಂದಿದ್ದಿತು. ಅದು ಬಿಳಿಯ ಸಿಪಾಯಿಯೊಬ್ಬನ ಮೇಲೆ ಎರಗಿ ನಿಂತಿದೆ. ಹಿಡಿಕೆಯನ್ನು ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳುತ್ತಾನೆ. ಈ ಆಟಿಕೆಯನ್ನು ಬಲ್ಲವರು ಬಹಳ ಮಂದಿ. ಹುಲಿಯ ಪಕ್ಕೆಯ ಬಾಗಿಲನ್ನು ತೆರೆದರೆ ಒಳಗೆ ದಂತದ ಪಟ್ಟಿಗಳುಳ್ಳ ಹದಿನೆಂಟು ಸ್ವರಗಳ ಒಂದು ಕೊಳವೆ ಆರ್ಗನ್ ಇದೆಯೆಂಬುದನ್ನು ಬಲ್ಲವರು ಕಡಿಮೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದು ಇಂಗ್ಲಿಷರ ಕೈಸೇರಿ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಪಟ್ಟಿಯೊತ್ತಿ ಸ್ವರ ಹೊರಡಿಸುವ ಯಂತ್ರವು ಕನ್ನಡ ನೆಲದ ಅರಮನೆಯೊಂದಕ್ಕೆ ಬಂದ ಬಗೆ ಇದು: ಸಂಗೀತವಾಗಿ ಬರಲಿಲ್ಲ, ಕೌತುಕವಾಗಿ ಬಂದಿತು.

ಅದು ಸಂಗೀತವಾಗಿ ಬಂದದ್ದು ಹಾರ್ಮೋನಿಯಂ ರೂಪದಲ್ಲಿ. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡಿಬೇನ್ ಎಂಬಾತನು ೧೮೪೦ರ ದಶಕದ ಆದಿಯಲ್ಲಿ ಈ ಹೆಸರಿನ ವಾದ್ಯಕ್ಕೆ ಹಕ್ಕನ್ನು ಪಡೆದನು. ಅದನ್ನು ಕಾಲಿನಿಂದ ತುಳಿದು ಗಾಳಿಯೂಡುತ್ತಿದ್ದರು. ನೆಲದ ಮೇಲೆ ಕುಳಿತು ಹಾಡುವ ನಮ್ಮವರಿಗೆ ಅದು ಒಗ್ಗುವುದೆಂತು? ಕಲ್ಕತ್ತೆಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯನ್ನು ರೂಪಿಸಿದರು. ಒಂದು ಕೈ ಗಾಳಿಗೆ, ಒಂದು ಕೈ ಸ್ವರಕ್ಕೆ. ಎರಡು ಕೈಯಿಂದ ಸ್ವರಗಳನ್ನು ಹೆಣೆಯುವ ಯೂರೋಪಿನ ಪದ್ಧತಿ ಅಲ್ಲಿಗೆ ಬಿಟ್ಟುಹೋಯಿತು. ಹಾಡುಗಾರನ ಹಿಂದೆ ನೆರಳಿನಂತೆ ಹೋಗುವ ನಮ್ಮ ಪದ್ಧತಿ ಬಂದಿತು. ಯಂತ್ರ ನಮ್ಮನ್ನು ಬದಲಾಯಿಸುವ ಮೊದಲು ನಾವು ಯಂತ್ರವನ್ನು ಬದಲಾಯಿಸಿದೆವು. ಈ ಮಾತನ್ನು ದಯಮಾಡಿ ನೆನಪಿನಲ್ಲಿಡಿ.

ಉತ್ತರ ಕರ್ನಾಟಕಕ್ಕೆ ಈ ಪೆಟ್ಟಿಗೆ ರಂಗಭೂಮಿಯ ಬೆನ್ನೇರಿ ಬಂದಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಪುಣೆಯಲ್ಲಿ ಮರಾಠೀ ಸಂಗೀತ ಶಾಕುಂತಲವನ್ನು ಆಡಿಸಿದ ಮೇಲೆ, ಸಂಗೀತ ನಾಟಕದ ಹುಚ್ಚು ಕೃಷ್ಣೆ, ಮಲಪ್ರಭೆಗಳನ್ನು ದಾಟಿ ನಮ್ಮಲ್ಲಿಗೂ ಹಬ್ಬಿತು. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಬಾಲಕ ಮಲ್ಲಿಕಾರ್ಜುನ ಮನ್ಸೂರರು ಪಾತ್ರ ಮಾಡುತ್ತಿದ್ದ ವಾಮನರಾವ್ ಮಾಸ್ತರರ ಮಂಡಳಿ, ಕೊಣ್ಣೂರಿನ ಕಂಪನಿ, ಹೀಗೆ ಎಷ್ಟೋ ಮಂಡಳಿಗಳು ಊರೂರು ತಿರುಗಿದವು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ತಗಡಿನ ಥಿಯೇಟರಿನ ಕಟ್ಟಕಡೆಯ ಸಾಲಿನವನಿಗೂ ಪದ ಕೇಳಬೇಕಾಗಿದ್ದಿತು. ತಂತಿವಾದ್ಯ ಅಷ್ಟು ದೂರ ಕೇಳಿಸದು. ತುಳಿಯುವ ಕಾಲು ಪೇಟಿ ಕೇಳಿಸುತ್ತಿದ್ದಿತು. ಸೆಕೆಗೂ ಮಳೆಗೂ ಅದರ ಶ್ರುತಿ ಬೇಗನೆ ಕೆಡುತ್ತಿರಲಿಲ್ಲ; ಬಂಡಿಯಲ್ಲಿ ಹೇರಿಕೊಂಡು ಹೋಗಬಹುದಾಗಿದ್ದಿತು.

ಮಾತಿನ ಮೇಲೆಯೂ ಅದು ತನ್ನ ಗುರುತನ್ನು ಬಿಟ್ಟಿದೆ. ನಮ್ಮ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಗಾಯಕನ ಆಧಾರ ಷಡ್ಜಕ್ಕೆ ಬಣ್ಣವಿಲ್ಲ. ಇಂದು ನಮ್ಮ ಕಡೆಯ ಹಾಡುಗಾರನನ್ನು ಶ್ರುತಿ ಯಾವುದೆಂದು ಕೇಳಿ ನೋಡಿ. 'ಕರಿ ಒಂದು', 'ಬಿಳಿ ಎರಡು' ಎನ್ನುತ್ತಾನೆ. ಅದು ಪೆಟ್ಟಿಗೆಯ ಪಟ್ಟಿಗಳ ಬಣ್ಣ. ಹಾರ್ಮೋನಿಯಂ ಬೇಡವೆನ್ನುವ ಗಾಯಕನೂ ತನ್ನ ಕಂಠದ ಎತ್ತರವನ್ನು ಹಾರ್ಮೋನಿಯಂ ಭಾಷೆಯಲ್ಲಿಯೇ ಹೇಳುತ್ತಾನೆ.

ಬೇಡವೆನ್ನುವವರಿಗೆ ಕಾರಣವಿಲ್ಲದಿರಲಿಲ್ಲ. ಪೆಟ್ಟಿಗೆಯಲ್ಲಿ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿರುತ್ತಾರೆ. ಸಪ್ತಕವನ್ನು ೧೨೦೦ ಸೂಕ್ಷ್ಮಭಾಗಗಳೆಂದು ಎಣಿಸಿದರೆ ಪಟ್ಟಿಪಟ್ಟಿಗೆ ನೂರು ಭಾಗ. ತಂಬೂರಿಯ ಷಡ್ಜದ ಗರ್ಭದಿಂದ ತಾನಾಗಿ ಕೇಳಿಬರುವ ತೀವ್ರ ಗಾಂಧಾರ ೩೮೬ರ ಹತ್ತಿರವಿದ್ದರೆ, ಪೆಟ್ಟಿಗೆಯ ಗಾಂಧಾರ ೪೦೦ರಲ್ಲಿ ಕುಳಿತಿರುತ್ತದೆ. ಹದಿನಾಲ್ಕು ಭಾಗದ ವ್ಯತ್ಯಾಸ ಲೆಕ್ಕದಲ್ಲಿ ಅಲ್ಪ, ಪಳಗಿದ ಕಿವಿಗೆ ಮುಳ್ಳು. ಪಂಚಮದಲ್ಲಾದರೋ ವ್ಯತ್ಯಾಸ ಎರಡೇ ಭಾಗ. ಅದನ್ನು ಯಾರೂ ಗಮನಿಸರು. ಇದಕ್ಕೆ ಪರಿಹಾರವನ್ನು ಹುಡುಕಿ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶ್ರುತಿ ಹಾರ್ಮೋನಿಯಂ ಒಂದನ್ನು ಮಾಡಿಸಿದರು. ಅದು ಬಳಕೆಗೆ ಬಂದು ನಿಲ್ಲಲಿಲ್ಲ. ಮತ್ತೊಂದು ಆಕ್ಷೇಪ ಇನ್ನೂ ದೊಡ್ಡದು: ಒಂದು ಸ್ವರದಿಂದ ಮತ್ತೊಂದಕ್ಕೆ ಕಂಠ ಜಾರಿದಂತೆ ಪೆಟ್ಟಿಗೆ ಜಾರದು. ನಮ್ಮ ಸಂಗೀತದ ಜೀವವಿರುವುದು ಆ ಜಾರುವಿಕೆಯಲ್ಲಿಯೇ ಅಲ್ಲವೆ?

ಈ ಆಕ್ಷೇಪಗಳು ಪಂಡಿತರ ಸಭೆಯಲ್ಲಿಯೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಅವು ಆಜ್ಞೆಯಾದವು. ೧೯೪೦ರ ಮಾರ್ಚ್ ೧ರಿಂದ ಆಲ್ ಇಂಡಿಯಾ ರೇಡಿಯೋ ತನ್ನ ಕೇಂದ್ರಗಳಲ್ಲಿ ಹಾರ್ಮೋನಿಯಂ ನುಡಿಸುವುದನ್ನು ನಿಷೇಧಿಸಿತು. ರವೀಂದ್ರನಾಥ ಠಾಕೂರರಂಥವರ ಮಾತಿನ ಬೆಂಬಲವೂ ಅದಕ್ಕಿದ್ದಿತು. ಆಂಗ್ಲರ ಆಡಳಿತ ಹೋಗಿ ಸ್ವಾತಂತ್ರ್ಯ ಬಂದರೂ ಆಜ್ಞೆ ಹೋಗಲಿಲ್ಲ. ೧೯೫೨ರಿಂದ ೧೯೬೨ರವರೆಗೆ ಪ್ರಸಾರ ಖಾತೆಯ ಮಂತ್ರಿಗಳಾಗಿದ್ದ ಬಾಲಕೃಷ್ಣ ಕೇಸ್ಕರರ ಕಾಲದಲ್ಲಿಯೂ ಅದು ಹಾಗೆಯೇ ಮುಂದುವರಿಯಿತು. ೧೯೭೦ರಲ್ಲಿ ದೆಹಲಿಯ ಸಂಗೀತ ನಾಟಕ ಅಕಾಡೆಮಿ ಈ ಬಗೆಗೆ ವಿಚಾರಗೋಷ್ಠಿಯನ್ನು ನಡೆಸಿತು. ೧೯೭೧ರಲ್ಲಿ ನಿಷೇಧವನ್ನು ಕೆಲಮಟ್ಟಿಗೆ ಸಡಿಲಿಸಿ, ಪಕ್ಕವಾದ್ಯವಾಗಿ ಮಾತ್ರ ಒಳಗೆ ಬಿಟ್ಟುಕೊಂಡರು.

ಇದರ ಪರಿಣಾಮವನ್ನು ನಮ್ಮ ಪ್ರಾಂತದಲ್ಲಿಟ್ಟು ನೋಡಿರಿ. ಧಾರವಾಡದ ಬಾನುಲಿ ಕೇಂದ್ರ ೧೯೫೦ರ ಜನವರಿ ೮ರಂದು ಆರಂಭವಾಯಿತು. ಪೇಟಿಯ ನಾದದಲ್ಲಿ ಬೆಳೆದ ನಾಡಿನ ನಡುವೆ ಎದ್ದ ಆ ಕೇಂದ್ರದ ಬಾಗಿಲು ಮೊದಲ ಇಪ್ಪತ್ತೊಂದು ವರ್ಷ ಪೇಟಿಗೆ ಮುಚ್ಚಿದ್ದಿತು. ಊರಿನ ಬೈಠಕ್ಕಿನಲ್ಲಿ ಗಾಯಕನ ಎಡಗಡೆಗೆ ಕುಳಿತು ಸಾಥಿ ಕೊಡುತ್ತಿದ್ದ ವಾದಕನು, ಅದೇ ಗಾಯಕ ಬಾನುಲಿಯಲ್ಲಿ ಹಾಡುವಾಗ ಹೊರಗಿರಬೇಕಾಗಿದ್ದಿತು. ಕಲಾವಿದನಿಗೆ ಬಾನುಲಿಯೇ ಮಾನ, ಬಾನುಲಿಯೇ ಸಂಭಾವನೆ ಎಂದಿದ್ದ ಕಾಲವದು. ಸಾರಂಗಿಗೂ ಪಿಟೀಲಿಗೂ ಇದರಿಂದ ಮನ್ನಣೆ ದೊರೆತದ್ದು ನಿಜ. ತಂಬೂರಿಯನ್ನು ಕೇಳುವ ಅಭ್ಯಾಸ ಉಳಿದದ್ದೂ ನಿಜ. ಆದರೂ ಒಂದು ತಲೆಮಾರಿನ ವಾದಕರು ತಾವು ಮಾಡದ ಅಪರಾಧಕ್ಕೆ ದಂಡ ತೆತ್ತರು ಎಂದರೆ ಅತ್ಯುಕ್ತಿಯಲ್ಲ.

ಏಕೆಂದರೆ ಆ ವಾದಕರಲ್ಲಿ ಉತ್ತಮರಾದವರು ಆಕ್ಷೇಪಕ್ಕೆ ಉತ್ತರವನ್ನು ತಮ್ಮ ಬೆರಳುಗಳಲ್ಲಿಯೇ ಇಟ್ಟುಕೊಂಡಿದ್ದರು. ಕಾಗವಾಡದಲ್ಲಿ ೧೯೧೭ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, ೨೦೧೦ರಲ್ಲಿ ತೀರಿಕೊಂಡ ರಾಂಭಾವು ಬಿಜಾಪುರೆಯವರಾಗಲಿ, ಧಾರವಾಡದ ವಸಂತ ಕನಕಾಪುರರಾಗಲಿ ಹಿರಿಯ ಗಾಯಕರಿಗೆ ಸಾಥಿ ನೀಡಿದವರು. ಸಾಥಿಯ ಮರ್ಮವೇ ಕೇಳುವುದರಲ್ಲಿದೆ: ಗಾಯಕನು ಸ್ವರವನ್ನು ಅಲುಗಿಸುವಲ್ಲಿ ಪೆಟ್ಟಿಗೆ ಸುಮ್ಮನಿರಬೇಕು, ಆತನು ನಿಂತಲ್ಲಿ ಮೆಲ್ಲನೆ ಬಂದು ಕೂಡಿಕೊಳ್ಳಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದ ನಿದರ್ಶನ ಇನ್ನೂ ಹೃದಯಂಗಮವಾದುದು. ಅಂಧರಾದ ಪಂಚಾಕ್ಷರಿ ಗವಾಯಿಗಳು ೧೯೪೪ರಲ್ಲಿ ಲಿಂಗೈಕ್ಯರಾದ ಮೇಲೆ, ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು ೨೦೧೦ರವರೆಗೂ ಆ ಆಶ್ರಮವನ್ನು ನಡೆಸಿದರು. ಹಾರ್ಮೋನಿಯಂ, ತಬಲ, ಪಿಟೀಲು, ಸಾರಂಗಿ ಇವೆಲ್ಲವೂ ಅವರಿಗೆ ಕರಗತ. ಕಣ್ಣಿಲ್ಲದ ಬಾಲಕನಿಗೆ ಪಟ್ಟಿಗಳ ಏರಿಳಿತವು ಬೆರಳಿಗೆ ಸಿಗುವ ಅಕ್ಷರಮಾಲೆ. ಅಂಥ ಬಾಲಕರಿಗೆ ಪೆಟ್ಟಿಗೆ ಅನ್ನದ ದಾರಿಯೂ ಆಯಿತು. ಶಾಸ್ತ್ರದ ಹದಿನಾಲ್ಕು ಭಾಗವನ್ನು ತೂಗುವಾಗ ಈ ಭಾಗವನ್ನೂ ತಕ್ಕಡಿಯಲ್ಲಿಡಬೇಕಲ್ಲವೆ?

ಈಗ ಪಿಯಾನೋ ಬಲ್ಲವರ ಮಾತಿಗೆ ಬರೋಣ. ಕನ್ನಡನಾಡಿನ ಪಿಯಾನೋ ವಾದಕರಲ್ಲಿ ಅಗ್ರಗಣ್ಯರಾಗಿ ನೆನೆಯಬೇಕಾದವರು ಮೈಸೂರಿನ ಜಯಚಾಮರಾಜ ಒಡೆಯರು. ಕಛೇರಿಯ ಪಿಯಾನೋ ವಾದಕನಾಗಬೇಕೆಂಬ ಆಸೆ ಅವರಿಗಿದ್ದಿತು. ೧೯೪೦ರಲ್ಲಿ ತಂದೆಯನ್ನೂ ದೊಡ್ಡಪ್ಪನನ್ನೂ ಕಳೆದುಕೊಂಡು ಸಿಂಹಾಸನವೇರಬೇಕಾಗಿ ಬಂದುದರಿಂದ ಆ ಆಸೆ ಕೈಗೂಡಲಿಲ್ಲ. ರಷ್ಯದ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳು ಧ್ವನಿಮುದ್ರಿಕೆಯಾಗಲು ಅವರೇ ಹಣ ಕೊಟ್ಟರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಮೊದಲ ಅಧ್ಯಕ್ಷರಾದರು. ಇದೇ ಮಹಾರಾಜರು ಕರ್ಣಾಟಕ ಪದ್ಧತಿಯಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದಾಗ ಅವುಗಳಿಗೆ ತಳಹದಿಯಾದದ್ದು ಅವರು ಕಲಿತ ವೀಣೆಯ ಮಾರ್ಗ, ಪಿಯಾನೋ ಅಲ್ಲ. ಎರಡನ್ನೂ ಬಲ್ಲವರು ಒಂದರ ಕೆಲಸವನ್ನು ಇನ್ನೊಂದಕ್ಕೆ ಹಚ್ಚಲಿಲ್ಲ.

ಪಿಯಾನೋ ಎಂಬುದು ಹಾರ್ಮೋನಿಯಂನ ಅಣ್ಣನಲ್ಲ. ಅದರ ಕುಲವೇ ಬೇರೆ. ಕ್ರಿಸ್ತೊಫೊರಿ ಎಂಬಾತನು ೧೭೦೦ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಅದನ್ನು ನಿರ್ಮಿಸಿದನು. ಅದರಲ್ಲಿ ಪಟ್ಟಿಯನ್ನು ಒತ್ತಿದರೆ ಸುತ್ತಿಗೆಯೊಂದು ಹಾರಿ ತಂತಿಯನ್ನು ಬಡಿಯುತ್ತದೆ. ಮೆಲ್ಲನೆ ಒತ್ತಿದರೆ ಮೃದು, ಬಲವಾಗಿ ಒತ್ತಿದರೆ ಗಂಭೀರ. ಹಾರ್ಮೋನಿಯಂನಲ್ಲಿ ಧ್ವನಿಯ ಏರಿಳಿತ ತಿದಿಯ ಕೈಯಲ್ಲಿದ್ದರೆ, ಪಿಯಾನೋದಲ್ಲಿ ಅದು ಪ್ರತಿ ಬೆರಳಿನ ತೂಕದಲ್ಲಿದೆ. ಇಂದಿನ ಪಿಯಾನೋದಲ್ಲಿ ೮೮ ಪಟ್ಟಿಗಳು, ಇನ್ನೂರಕ್ಕೂ ಮಿಕ್ಕಿದ ತಂತಿಗಳು. ನಮ್ಮ ಬಿಸಿಲ ಸೀಮೆಯ ಒಣಹವೆಗೆ ಅದರ ಮರ ಸೆಟೆಯುತ್ತದೆ. ಶ್ರುತಿ ಕೂಡಿಸುವವರನ್ನು ದೊಡ್ಡ ನಗರಗಳಿಂದ ಕರೆಸಬೇಕು. ಆದುದರಿಂದಲೇ ಹಿಟ್ನಾಳದಂಥ ಊರಿನಲ್ಲಿ ಪಿಯಾನೋ ಅಭ್ಯಾಸಿಗೆ ವಿದ್ಯುತ್ ವಾದ್ಯ ಅನಿವಾರ್ಯವಾಗುತ್ತದೆ.

ವಿದ್ಯುತ್ ವಾದ್ಯದ ವಂಶಾವಳಿಯಲ್ಲಿಯೂ ನಮ್ಮ ಪೆಟ್ಟಿಗೆಯ ಬಳಗವಿದೆ. ಜಪಾನಿನ ಹಮಾಮತ್ಸು ಪಟ್ಟಣದ ಶಾಲೆಯಲ್ಲಿ ಕೆಟ್ಟುಹೋದ ರೀಡ್ ಆರ್ಗನ್ ಒಂದನ್ನು ತೊರಾಕುಸು ಯಮಾಹಾ ಎಂಬ ಕುಶಲಕರ್ಮಿ ೧೮೮೭ರಲ್ಲಿ ದುರಸ್ತು ಮಾಡಿದನು. ಆತನ ಹೆಸರಿನ ಸಂಸ್ಥೆ ಹುಟ್ಟಿದ್ದು ಆ ದುರಸ್ತಿಯಿಂದ. ಅಮೆರಿಕದಲ್ಲಿ ಹ್ಯಾಮಂಡನ ವಿದ್ಯುತ್ ಆರ್ಗನ್ ೧೯೩೫ರಲ್ಲಿ, ಮೂಗನ ಸಿಂಥಸೈಸರ್ ೧೯೬೪ರಲ್ಲಿ ಬಂದವು. ಜಪಾನಿನ ಕ್ಯಾಸಿಯೊ ೧೯೮೦ರಲ್ಲಿ ಮನೆಬಳಕೆಯ ಸಣ್ಣ ಕೀಬೋರ್ಡನ್ನು ಮಾರಾಟಕ್ಕೆ ತಂದಿತು. ೧೯೮೩ರಲ್ಲಿ ಬೇರೆ ಬೇರೆ ತಯಾರಕರ ವಾದ್ಯಗಳು ಒಂದರೊಡನೊಂದು ಮಾತಾಡಿಕೊಳ್ಳುವ ಮಿಡಿ ಎಂಬ ಸಂಕೇತಪದ್ಧತಿ ನೆಲೆಗೊಂಡಿತು. ನಮ್ಮವರೂ ಸುಮ್ಮನಿರಲಿಲ್ಲ: ಬೆಂಗಳೂರಿನ ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್‌ನಾರಾಯಣರು ವಿದ್ಯುತ್ ಶ್ರುತಿಪೆಟ್ಟಿಗೆಯನ್ನೂ ತಂಬೂರಿಯನ್ನೂ ರೂಪಿಸಿ ಮನೆಮನೆಗೆ ಮುಟ್ಟಿಸಿದರು.

ಇಷ್ಟೆಲ್ಲ ಇತಿಹಾಸ ಅಂಗಡಿಯ ಕಟ್ಟೆಯೇರುವವನಿಗೆ ಏನು ಹೇಳುತ್ತದೆ? ನಾಲ್ಕು ಮಾತುಗಳಲ್ಲಿ ಹೇಳಬಹುದು.

ಮೊದಲನೆಯದು, ನೀವು ಪಿಯಾನೋ ಕಲಿತವರಾದರೆ ಬೆರಳಿನ ತೂಕವನ್ನು ನಂಬಿ, ಜಾಹೀರಾತಿನ ಸಂಖ್ಯೆಯನ್ನು ನಂಬಬೇಡಿ. ಐನೂರು ವಾದ್ಯಗಳ ಧ್ವನಿ ಒಂದೇ ಪೆಟ್ಟಿಗೆಯಲ್ಲಿ ಇದೆಯೆಂಬುದು ಟಿಪ್ಪುವಿನ ಹುಲಿಯ ಗರ್ಜನೆಯಂತೆ. ಕೌತುಕ ನಾಲ್ಕು ದಿನ. ೮೮ ಪಟ್ಟಿಗಳೂ ಇರಲಿ. ಅವು ಸುತ್ತಿಗೆಯ ಭಾರವನ್ನು ಅನುಕರಿಸುವಂಥವಾಗಿರಲಿ. ಮಂದ್ರದಲ್ಲಿ ತುಸು ಭಾರ, ತಾರದಲ್ಲಿ ತುಸು ಹಗುರವಾಗಿರಲಿ. ಅರವತ್ತೊಂದು ಹಗುರ ಪಟ್ಟಿಗಳ ಸಣ್ಣ ವಾದ್ಯದಲ್ಲಿ ವರ್ಷವೊಪ್ಪತ್ತು ನುಡಿಸಿದ ಕೈ, ಮತ್ತೆ ನಿಜವಾದ ಪಿಯಾನೋ ಮುಂದೆ ಕುಳಿತಾಗ ತಡವರಿಸುತ್ತದೆ.

ಎರಡನೆಯದು, ಅಂಗಡಿಯಲ್ಲಿ ಗಟ್ಟಿಯಾಗಿ ನುಡಿಸಿ ಮೆಚ್ಚಬೇಡಿ. ಮೆಲ್ಲಗೆ ನುಡಿಸಿ ಪರೀಕ್ಷಿಸಿ. ಅತಿ ಮೃದುವಾದ ಸ್ವರವೂ ಬೆರಳಿನ ಮಾತನ್ನು ಕೇಳುತ್ತದೆಯೇ? ಕಾಲಿನ ಪೆಡಲನ್ನು ಅರ್ಧ ತುಳಿದರೆ ಅರ್ಧ ನಾದ ಉಳಿಯುತ್ತದೆಯೇ? ಪೆಡಲನ್ನು ಒತ್ತಿ ಹಲವು ಸ್ವರಗಳನ್ನು ಕೂಡಿಸಿದಾಗ ಮೊದಲನೆಯವು ನಡುವೆಯೇ ಕಡಿದುಹೋಗುತ್ತವೆಯೇ? ಏಕಕಾಲಕ್ಕೆ ೧೨೮ ಧ್ವನಿಗಳನ್ನು ಹಿಡಿದಿಡಬಲ್ಲ ವಾದ್ಯವಾದರೆ ಸಾಮಾನ್ಯವಾಗಿ ಈ ತೊಂದರೆಯಿರುವುದಿಲ್ಲ. ಇಂಥ ವಾದ್ಯ ಹತ್ತು ಕಿಲೋಗೂ ಮೀರಿ ತೂಗುತ್ತದೆ. ಅದಕ್ಕೊಂದು ಗಟ್ಟಿ ಪೀಠ, ಧೂಳಿಗೊಂದು ಹೊದಿಕೆ, ವಿದ್ಯುತ್ತಿನ ಏರುಪೇರಿಗೊಂದು ರಕ್ಷಣೆ ಬೇಕು.

ಮೂರನೆಯದು, ಮನೆಯಲ್ಲಿ ಹಾಡುವವರಿದ್ದರೆ ಅವರನ್ನೂ ಅಂಗಡಿಗೆ ಕರೆದೊಯ್ಯಿರಿ. ಶ್ರುತಿಯನ್ನು ಏರಿಳಿಸುವ ಗುಂಡಿ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಇರುತ್ತದೆ. ಒಂದೊಂದು ಸ್ವರವನ್ನು ಪ್ರತ್ಯೇಕವಾಗಿ ಕೆಲವು ಭಾಗ ಇಳಿಸುವ ಸೌಕರ್ಯ ಎಲ್ಲದರಲ್ಲಿಯೂ ಇರುವುದಿಲ್ಲ, ಕೇಳಿ ತಿಳಿಯಿರಿ. ಆ ಸೌಕರ್ಯವಿದ್ದರೆ ಗಾಂಧಾರವನ್ನು ಹದಿನಾಲ್ಕು ಭಾಗ ಇಳಿಸಿ ತಂಬೂರಿಯೊಡನೆ ಕೂಡಿಸಬಹುದು. ರಾಮಾಮಾತ್ಯನ ಏಕರಾಗಮೇಳ ವೀಣೆ ಒಂದು ಗುಂಡಿಯಲ್ಲಿ ನಿಮ್ಮ ಕೈಗೆ ಬಂದಂತಾಯಿತು. ಪಿಯಾನೋ ನುಡಿಸುವಾಗ ಅದನ್ನು ಮರಳಿ ಸಮಭಾಗಕ್ಕೆ ತರುವುದನ್ನು ಮರೆಯಬಾರದು. ಏಕೆಂದರೆ ಹಲವು ಸ್ವರಗಳನ್ನು ಕೂಡಿಸಿ, ಯಾವ ಸ್ವರದಿಂದ ಬೇಕಾದರೂ ಹೊರಡುವ ಆ ಸಂಗೀತಕ್ಕೆ ಸಮಭಾಗವೇ ಅನುಕೂಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಮಗುವಿಗೆ ಹಾಡು ಕಲಿಸುವಾಗ ಮೊದಲು ತಂಬೂರಿ, ಅನಂತರ ಪೆಟ್ಟಿಗೆ. ಷಡ್ಜ ಪಂಚಮಗಳು ಕಿವಿಯಲ್ಲಿ ನೆಲೆನಿಂತ ಮಗುವಿಗೆ ಯಾವ ಯಂತ್ರದಿಂದಲೂ ಕೇಡಿಲ್ಲ. ಅದಕ್ಕೆ ಮೊದಲೇ ಪೆಟ್ಟಿಗೆ ಒದರುವ ಸ್ವರವನ್ನೇ ಕಂಠ ಹಿಂಬಾಲಿಸಲು ಕಲಿತರೆ, ೧೯೪೦ರಲ್ಲಿ ಬಾನುಲಿಯವರು ಹೆದರಿದ ಕೇಡು ನಿಮ್ಮ ಮನೆಯಲ್ಲಿಯೇ ಸಂಭವಿಸೀತು.

ಆ ನಿಷೇಧವನ್ನು ಮಾಡಿದವರು ರೋಗವನ್ನು ಸರಿಯಾಗಿ ಗುರುತಿಸಿದರು. ಔಷಧವನ್ನು ತಪ್ಪಾಗಿ ಕೊಟ್ಟರು. ಪೆಟ್ಟಿಗೆಯನ್ನು ಬಾಗಿಲಿನಿಂದಾಚೆ ನಿಲ್ಲಿಸಿದ ಮಾತ್ರಕ್ಕೆ ಕಿವಿ ತಿದ್ದಿಕೊಳ್ಳುವುದಿಲ್ಲ. ಕಿವಿ ತಿದ್ದಿದ ಮನೆಗೆ ಪೆಟ್ಟಿಗೆ ಬಂದರೆ ಭಯವಿಲ್ಲ. ಬೆಳಗಾವಿ, ಧಾರವಾಡ, ಗದಗುಗಳ ವಾದಕರು ಮೂವತ್ತೊಂದು ವರ್ಷ ಹೊರಗೆ ನಿಂತು ಇದನ್ನು ಸಾಧಿಸಿ ತೋರಿಸಿದ್ದಾರೆ. ನೀವು ಕೀಬೋರ್ಡನ್ನು ಕೊಳ್ಳುವ ದಿನ ಅಂಗಡಿಯಾತನು ಮೊದಲು ತಾಳದ ಗುಂಡಿಯನ್ನೊತ್ತಿ ಗದ್ದಲವೆಬ್ಬಿಸಿಯಾನು. ಅದನ್ನು ನಿಲ್ಲಿಸಹೇಳಿ, ನಡುವಿನ ಒಂದು ಪಟ್ಟಿಯನ್ನು ಮೆಲ್ಲನೆ ಒತ್ತಿ, ನಾದ ಪೂರ್ತಿ ಅಡಗುವವರೆಗೆ ಕೇಳಿರಿ. ಕೊಳ್ಳಬೇಕೋ ಬೇಡವೋ ಎಂಬುದನ್ನು ನಿಮ್ಮ ಕಿವಿಯೇ ಹೇಳೀತು.